ನೆಪಮೀಮಾಂಸೆ, ಅರ್ಥಾತ್ ದಾವಣಗೆರೆಯ ಪ್ರಥಮ ದರ್ಶನ ವಿಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಪಂಚಕ್ಷೇತ್ರಗಳ ಪ್ರಜೆಯೊಬ್ಬ ಜನ್ಮದಲ್ಲಿ ಮೊದಲ ಸಲ ದಾವಣಗೆರೆಗೆ ಹೊರಡಲು ಹೇಗೆ ಅಣಿಯಾಗಬೇಕು ಎಂಬುದೇ ಪ್ರಸ್ತುತ ಪ್ರಬಂಧದ ವಸ್ತು. ಮೊದಲು ದಿನ ಗೊತ್ತುಮಾಡು, ಆಮೇಲೆ ವಸತಿ, ಅನಂತರ ನೋಡಬೇಕಾದ ಸ್ಥಳಗಳ ಪಟ್ಟಿ ಎನ್ನುತ್ತದೆ ಪೂರ್ವಪಕ್ಷ. ಇದನ್ನು ಇಲ್ಲಿಯೇ ಖಂಡಿಸಿ ಮುಂದೆ ಸಾಗುತ್ತೇವೆ. ‘ದಾವಣಗೇರಿ ನೋಡಾಕ ಹೊಂಟೀನಿ’ ಎಂದು ಕಟ್ಟೆಯ ಮೇಲೆ ನುಡಿದವನಿಗೆ ‘ಯಾಕೋ ತಮ್ಮಾ, ಅರಾಮ ಅದೀಯಿಲ್ಲೋ?’ ಎಂಬುದೊಂದೇ ಉತ್ತರ ಸಿಗುವುದರಿಂದ, ಈ ಸೀಮೆಯಲ್ಲಿ ಪ್ರಯಾಣಕ್ಕೆ ಬೇಕಾದದ್ದು ಯೋಜನೆಯಲ್ಲ, ನೆಪ ಎಂದು ಸಿದ್ಧವಾಗುತ್ತದೆ.

ಪ್ರಾಚೀನರಿಗೆ ನೆಪ ಒಂದೇ ಇತ್ತು: ಹತ್ತಿ. ಕಪ್ಪು ನೆಲದಲ್ಲಿ ಬೆಳೆದದ್ದನ್ನು ದಾವಣಗೆರೆಯ ಮಂಡಿಗೆ ಹಾಕಿ, ಗಿರಣಿಗಳ ಚಿಮಣಿ ನೋಡಿ ಬಂದವನು ಊರಲ್ಲಿ ವರ್ಷವಿಡೀ ಪಂಡಿತ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ದಾವಣಗೆರೆಗೆ ಬಂದದ್ದು ಆಗ; ಬಿರುದು ಕೊಟ್ಟವರ ಪೈಕಿ ಅಸಲಿ ಮ್ಯಾಂಚೆಸ್ಟರ್ ಕಂಡವರು ಎಷ್ಟು ಮಂದಿ ಎಂಬುದು ಬೇರೆ ಪ್ರಬಂಧದ ವಿಷಯ. ಕಾಲಾಂತರದಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ದಾವಣಗೆರೆ ಕಾಟನ್ ಮಿಲ್ಲು ಈಗ ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯ ಹೆಸರಿನಲ್ಲಿ ಉಸಿರಾಡುತ್ತಿದೆ. ಯಾರೋ ಉಪಮುಖ್ಯಮಂತ್ರಿ ಅಲ್ಲಿ ಮನೆ ಕಟ್ಟಿಸಿರಬೇಕೆಂದು ನಂಬಿರುವ ಯುವ ಸಂಶೋಧಕರೂ ಉಂಟು.

ಹತ್ತಿ ಹೋದರೆ ನೆಪ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಗಿರಣಿ ಜೋರಾಗಿದ್ದಾಗಲೇ, 1958ರಲ್ಲಿ, ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತ್ತು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಹೀಗೆ ದವಾಖಾನೆ, ಸೀಟು ಎಂಬ ಎರಡು ನೆಪಗಳು ಏರ್ಪಟ್ಟವು. ಮದುವೆ ಜವಳಿ ಅನಾದಿಯಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂತು. ಊರು ಮತ್ತೆ ಎದ್ದಿತೆಂದು ಪಟ್ಟಿ ಮಾಡಿದವರು ಸಂಭ್ರಮಿಸಿದರು. ಅದನ್ನು ಎಬ್ಬಿಸಿದ್ದು ನಮ್ಮ ಮೊಣಕಾಲು ನೋವು ಮತ್ತು ನಮ್ಮ ಮಕ್ಕಳ ಪಿಯುಸಿ ಅಂಕಗಳು ಎಂಬುದು ಈ ಲೇಖಕನ ವಿನಮ್ರ ಅಭಿಮತ.

ಹರಪನಹಳ್ಳಿಯ ಪ್ರಕರಣ ಜಟಿಲವಾದದ್ದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದಾಗ ಅದಕ್ಕೆ ನೆಪಗಳಲ್ಲೇ ಶ್ರೇಷ್ಠವಾದ ‘ಡಿಸಿ ಆಫೀಸು’ ಪ್ರಾಪ್ತವಾಯಿತು. ಇದಕ್ಕೆ ಕಾಗದ ಸಾಕು, ಕಾಯಿಲೆ ಬೇಕಿಲ್ಲ. ಆಮೇಲೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಮರಳಿ ಬಳ್ಳಾರಿ, 2021ರಲ್ಲಿ ವಿಜಯನಗರ. ಇದ್ದ ಜಾಗದಿಂದ ಅಂಗುಲ ಕದಲದೆ ಮೂರು ಜಿಲ್ಲೆ ಸುತ್ತಿದ ಊರಿಗೆ ಪ್ರವಾಸದ ಪಾಠ ಹೇಳುವ ಯೋಗ್ಯತೆ ಯಾರಿಗಿದೆ? ಈಗ ಅರ್ಜಿ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಹೋಗುತ್ತದೆ, ಅರ್ಜಿದಾರ ದಾವಣಗೆರೆಗೆ.

ಮಾರ್ಗವಿಚಾರ. ಹೊಸಪೇಟೆಯಿಂದ ಬಂದ ರೈಲುಹಳಿ ಕೊಟ್ಟೂರಿನಲ್ಲಿ ನಿಂತು, ಹರಪನಹಳ್ಳಿ ದಾಟಿ ಹರಿಹರ ಮುಟ್ಟಲು ಒಂದು ಶತಮಾನದಷ್ಟು ಕಾಲ ಯೋಚಿಸಿತು. ಮುಟ್ಟಿದ್ದು ಹರಿಹರವನ್ನು, ದಾವಣಗೆರೆಯನ್ನಲ್ಲ. ಕೂಡ್ಲಿಗಿಗೆ ರೈಲಿನ ಗೊಡವೆಯೇ ಇಲ್ಲ. ಹಡಗಲಿಯವರಿಗೆ ಮಾತ್ರ ಬಸ್ಸಿನ ವೇಳಾಪಟ್ಟಿ ಓದುವ ವಿದ್ಯೆ ರಕ್ತಗತ. ಅವರ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿನ ಕಾರ್ಣಿಕದಿಂದ ಮಳೆ, ಬೆಳೆ, ಸರ್ಕಾರ ಮೂರನ್ನೂ ಅರ್ಥೈಸಿ ಪಳಗಿದವರಿಗೆ ‘7.30’ ಎಂಬುದು ಯಾವ ಲೆಕ್ಕ?

ಇಲ್ಲೊಂದು ಆಕ್ಷೇಪಕ್ಕೆ ಉತ್ತರಿಸಬೇಕು. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯ ಜನ ಯಾವ ನೆಪವೂ ಇಲ್ಲದೆ ಪಾದಯಾತ್ರೆಯಲ್ಲಿ ಬರುತ್ತಾರಲ್ಲ? ಸಮಾಧಾನ: ದೇವರ ಬಳಿಗೆ ಬರಿಗಾಲಲ್ಲಿ ಬರುವವನನ್ನು ‘ಯಾಕ ಬಂದಿ’ ಎಂದು ಯಾರೂ ಕೇಳುವುದಿಲ್ಲ. ದೋಸೆಯ ಬಳಿಗೆ ಬಸ್ಸಿನಲ್ಲಿ ಹೋಗುವವನನ್ನು ಇಡೀ ಓಣಿ ಕೇಳುತ್ತದೆ.

ದೋಸೆಯ ಮಾತು ಬಂತು. ಮುಖ್ಯ ಕೆಲಸ ಮುಗಿದ ಕೂಡಲೇ ‘ಹೆಂಗೂ ಬಂದೀವಿ’ ಎಂಬ ಉಪನಿಯಮ ಜಾರಿಯಾಗಿ ಬೆಣ್ಣೆ ದೋಸೆ, ಬಿಳಿ ಚಟ್ನಿ, ಆಲೂಗಡ್ಡೆ ಪಲ್ಯ, ಸಂಜೆಗೆ ಮಂಡಕ್ಕಿ-ಮೆಣಸಿನಕಾಯಿ ಎಲ್ಲವೂ ತಾವಾಗಿಯೇ ಶಾಸ್ತ್ರಸಮ್ಮತವಾಗುತ್ತವೆ. ಎಣ್ಣೆ ಪದಾರ್ಥ ಬಿಡಿ ಎಂದು ಡಾಕ್ಟರರಿಂದ ಆಗಷ್ಟೇ ಕೇಳಿಸಿಕೊಂಡ ಮಾವನವರೂ ‘ಅದು ಬೆಣ್ಣಿ, ಎಣ್ಣಿ ಅಲ್ಲ’ ಎಂದು ಸೂತ್ರಕ್ಕೆ ಭಾಷ್ಯ ಬರೆಯುತ್ತಾರೆ.

ಇತ್ಯರ್ಥವಾಗದೆ ಉಳಿದಿರುವುದು ಕುಂದುವಾಡ ಕೆರೆ ಕಡೆಯ ಗಾಜಿನ ಮನೆ. ಅಲ್ಲಿ ಔಷಧಿ ಇಲ್ಲ, ಸೀರೆ ಇಲ್ಲ, ಸೀಟು ಇಲ್ಲ, ನೋಡುವುದೊಂದೇ. ಇದಕ್ಕೆ ನೆಪ ಒದಗಿಸಿದವರು ಕೊಟ್ಟೂರು ಕಡೆಯ ಒಬ್ಬ ದೊಡ್ಡಪ್ಪ. ಹೆಣ್ಣು ನೋಡುವ ಶಾಸ್ತ್ರವನ್ನು ಅಲ್ಲಿಯೇ ಇಟ್ಟುಕೊಳ್ಳುವುದೆಂದು ಅವರು ಸೂಚಿಸಿದರು. ಹುಡುಗಿ ಒಪ್ಪದಿದ್ದರೆ? ‘ಒಪ್ಪದಿದ್ರ ಇನ್ನೊಂದು ಸಲ ಬರಾಕ ಆತಲ್ಲೋ’ ಎಂದರು.