ಕ್ಷಮಿಸಿ, ಅಂಗಡಿ ಇನ್ನೂ ತೆರೆದಿದೆ

ಇವರಿಗೆ,
ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಬಡಾವಣೆಗಳಲ್ಲಿ ಹಳೇ ಅಂಗಡಿಗಳನ್ನು ನೆನೆದು ಕಣ್ಣೀರಿಡುತ್ತಿರುವ ಸಮಸ್ತ ನಾಗರಿಕರಿಗೆ.

ವಿಷಯ: ನನ್ನ ಅಂಗಡಿ ಇನ್ನೂ ಮುಚ್ಚದಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಬೀದಿ ತುದಿಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕ, ಹೊಂಗೆ ಮರದ ಕೆಳಗಿರುವ ದಿನಸಿ ಅಂಗಡಿ ನನ್ನದು. ಗುರುತು ಸಿಗಲಿಲ್ಲವೆ? ಸಿಗುವುದು ಕಷ್ಟ, ಇನ್ನೂ ಮುಚ್ಚಿಲ್ಲವಲ್ಲ. ಮುಚ್ಚಿದ ಅಂಗಡಿ ಈ ಊರಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ತೆರೆದ ಅಂಗಡಿ ಕಾಣಿಸುವುದು ರಾತ್ರಿ ಒಂಬತ್ತೂವರೆಗೆ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಲು ಮೊಸರು ಇಲ್ಲದಾಗ ಮಾತ್ರ.

ನೀವು ಸೇರಿದಲ್ಲೆಲ್ಲ ಈಗ ಒಂದೇ ಮಾತು. ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್ ಒಳಗೇ ಪುಟ್ಟಣ್ಣ ಕಣಗಾಲರ ಹೆಸರಿನ ಟಾಕೀಸ್ ಇತ್ತು, ಸಿನಿಮಾ ಬಿಟ್ಟ ಮೇಲೆ ಅಲ್ಲೇ ತರಕಾರಿ ತಗೊಂಡು ಮನೆಗೆ ಹೋಗ್ತಿದ್ವಿ. ಸೌತ್ ಎಂಡ್ ಕಡೆ ನಂದಾ ಇತ್ತು, ಶಾಂತಿ ಇತ್ತು. ಸ್ವಾಗತ್ ಟಾಕೀಸ್ ಹೋಗಿ ಮಾಲ್ ಬಂತು, ಪುಣ್ಯಕ್ಕೆ ಮಾಲಿನ ಹೆಸರಲ್ಲಾದರೂ ಸ್ವಾಗತ್ ಉಳಿಯಿತು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೈಕಲ್ ಶಾಪ್, ಮೆಂಬರ್‌ಶಿಪ್ ಕಾರ್ಡಿನ ಸರ್ಕ್ಯುಲೇಟಿಂಗ್ ಲೈಬ್ರರಿ, ಟಿ ಸೀರೀಸ್ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುವ ಅಂಗಡಿ, ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ಗಾಜಿನ ಭರಣಿಯಲ್ಲಿ ಕಂಬರ್‌ಕಟ್ಟು, ಶುಂಠಿ ಪೆಪ್ಪರಮಿಂಟು. ಇದನ್ನೆಲ್ಲ ನೀವು ಹೇಳುವುದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು. ಗಲ್ಲಾದ ಹಿಂದಿನಿಂದ ನಾನು ಭಕ್ತಿಯಿಂದ ಕೇಳಿಸಿಕೊಳ್ಳುತ್ತೇನೆ. ಅಷ್ಟರಲ್ಲಿ ಯಾರದೋ ಫೋನು ಕುಂಯ್ ಅನ್ನುತ್ತದೆ. 'ಬಂದೆ ಇರಿ, ಆರ್ಡರ್ ಬಂತು' ಎಂದು ಏಳುತ್ತೀರಿ. ಬಂದದ್ದು ಕಾಲು ಕೆ.ಜಿ. ಸಾಸಿವೆ. ನೀವು ಕೂತಿದ್ದ ಜಾಗದಿಂದ ಒಂದು ಮಾರು ದೂರದಲ್ಲಿ ಸಾಸಿವೆಯ ಡಬ್ಬ ಇತ್ತು.

ಇನ್ನೊಂದು ವಿಚಾರ ಸ್ಪಷ್ಟಪಡಿಸಿಬಿಡುತ್ತೇನೆ. ನೀವೆಲ್ಲ ನನ್ನನ್ನು 'ಶೆಟ್ರೇ' ಎನ್ನುತ್ತೀರಿ. ನಾನು ಮಾಗಡಿ ಕಡೆಯ ಗೌಡ. ದಿನಸಿ ಮಾರುವವನು ಶೆಟ್ಟಿಯಲ್ಲದೆ ಬೇರೆ ಆಗಿರಲಾರ ಎಂಬ ನಿಮ್ಮ ನಂಬಿಕೆಯನ್ನು ಮುರಿಯುವ ಧೈರ್ಯ ಇಷ್ಟು ವರ್ಷ ಬರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ನೀವು ಬರೆಯುವ ನೆನಪಿನ ಲೇಖನದಲ್ಲಿ ನಾನು ಶೆಟ್ಟಿಯಾಗಿಯೇ ಇರುತ್ತೇನೆ ಎಂದು ಗೊತ್ತು. ಇರಲಿ. ಆ ಲೇಖನದಲ್ಲಿ ಮಕ್ಕಳ ಕೈಗೆ ಬೆಲ್ಲದ ಚೂರು ಕೊಡುತ್ತಿದ್ದ ಶೆಟ್ಟರು ಎಂದೂ ಬರುತ್ತದೆ. ಈಗಲೂ ಕೊಡುತ್ತಿದ್ದೇನೆ. 'ಎಕ್ಸ್‌ಪೈರಿ ಡೇಟ್ ಇಲ್ಲ, ಬಾಯಿಗೆ ಹಾಕ್ಬೇಡ' ಎಂದು ಕಿತ್ತುಕೊಳ್ಳುವವರು ನೀವೇ.

ಈ ಊರಿನ ಪ್ರೀತಿಯ ರೀತಿ ನನಗೆ ಚೆನ್ನಾಗಿ ಅರ್ಥವಾಗಿದೆ. 2009ರಲ್ಲಿ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಆ ಕಟ್ಟಡ ಬಿಡುವಾಗ ಕೂರಲು ಕುರ್ಚಿ ಸಿಗದಷ್ಟು ಜನ. 2013ರ ಜುಲೈ 14ರಂದು ದೇಶದಲ್ಲಿ ಟೆಲಿಗ್ರಾಂ ಕೊನೆಯಾಗುತ್ತದೆ ಎಂದಾಗ, ಅದುವರೆಗೆ ಒಂದು ತಂತಿಯನ್ನೂ ಕಳಿಸದವರು ಸಾಲಾಗಿ ನಿಂತು ತಮ್ಮ ವಿಳಾಸಕ್ಕೆ ತಾವೇ ತಂತಿ ಹೊಡೆದುಕೊಂಡರು. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಮೇಲೆ ನೋಡಿ, ಎಲ್ಲರ ಕೈಗೂ ಎಚ್‌ಎಂಟಿ ಬೇಕಾಯಿತು. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 1954ರಿಂದ ಇಡ್ಲಿ ಬೇಯಿಸುತ್ತಿತ್ತು. 2023ರ ಡಿಸೆಂಬರ್ 6ಕ್ಕೆ ಬಾಗಿಲು ಹಾಕುತ್ತೇವೆ ಎಂದು ಹೇಳಿದ್ದೇ ತಡ, ಜಯನಗರದಿಂದಲೂ ಜನ ಮೆಟ್ರೋ ಹತ್ತಿ ಕೊನೆಯ ಇಡ್ಲಿಗೆ ಹೋದರು. ಕೊನೆಯ ಇಡ್ಲಿಗೆ ಬೀದಿಯವರೆಗೂ ಕ್ಯೂ. ಅದರ ಹಿಂದಿನ ವರ್ಷದ ಯಾವುದೋ ಮಂಗಳವಾರದ ಇಡ್ಲಿಗೆ ಎಷ್ಟು ಜನ ಹೋಗಿದ್ದರೋ ನಾನು ಕೇಳುವುದಿಲ್ಲ.

ಆದ್ದರಿಂದ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಇನ್ನು ಮುಂದೆ ಪ್ರತಿ ತಿಂಗಳ ಕೊನೆಯ ಭಾನುವಾರ ನನ್ನ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಲಾಗುವುದು. ಸೋಮವಾರ ಬೆಳಗ್ಗೆ ಆರಕ್ಕೆ ಎಂದಿನಂತೆ ತೆರೆಯಲಾಗುವುದು. ಭಾನುವಾರ ಬಂದವರು ನನ್ನ ಜೊತೆ ಫೋಟೋ ತೆಗೆಸಿಕೊಳ್ಳಬಹುದು. ತಕ್ಕಡಿ ಹಿಡಿದ ಭಂಗಿ ಬೇಕಾದರೆ ಕನಿಷ್ಠ ಅರ್ಧ ಕೆ.ಜಿ. ತೊಗರಿಬೇಳೆ ಕೊಳ್ಳಬೇಕು. ಭಾವುಕರಾದವರಿಗೆ ಕಣ್ಣೊರೆಸಿಕೊಳ್ಳಲು ಹಳೇ ಪೇಪರ್ ಉಚಿತ.

ನಗಬೇಡಿ, ಬಾಡಿಗೆ ಹುಟ್ಟಬೇಕಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ವ್ಯಾಪಾರದ ಮಳಿಗೆಗೆ ರಕ್ಷಣೆ ಇರುವುದು ನೆಲದ ಅಳತೆ 14 ಚದರ ಮೀಟರ್ ದಾಟದಿದ್ದರೆ ಮಾತ್ರ. ನಮ್ಮ ಅಳತೆಯಲ್ಲಿ ನೂರೈವತ್ತು ಚದರಡಿ. ಅಂದರೆ ಅಕ್ಕಿ ಮೂಟೆ ಒಳಗಿದ್ದರೆ ನಾನು ಹೊರಗಿರಬೇಕು, ನಾನು ಒಳಗಿದ್ದರೆ ಮೂಟೆ ಫುಟ್‌ಪಾತ್ ಮೇಲಿರಬೇಕು. ಫುಟ್‌ಪಾತ್ ಮೇಲಿಟ್ಟರೆ ಒತ್ತುವರಿ. ಒಂದು ಗೋಡೆ ಒಡೆದು ಅಂಗಡಿ ಹಿಗ್ಗಿಸಿದರೆ ಕಾಯ್ದೆಯ ಆಸರೆ ತಪ್ಪುತ್ತದೆ. ಉಳಿದದ್ದು ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಅಡ್ವಾನ್ಸು, ವರ್ಷ ವರ್ಷ ಏರಿಕೆ. ನಮ್ಮ ಓನರ್ ಒಳ್ಳೆಯವರು. ನೆನಪಿನ ವಿಷಯದಲ್ಲಂತೂ ಬಹಳ ಮೃದು, ಅವರ ತಾಯಿ ಪಾವು ಚಟಾಕಿನಲ್ಲಿ ಅವಲಕ್ಕಿ ಕೊಳ್ಳುತ್ತಿದ್ದ ಕಾಲವನ್ನು ಹೇಳುತ್ತ ಗದ್ಗದಿತರಾಗುತ್ತಾರೆ. ಕಣ್ಣೊರೆಸಿಕೊಂಡು, ಪಕ್ಕದ ಹತ್ತು ನಿಮಿಷದ ಆ್ಯಪ್‌ನವರು ಗೋದಾಮಿಗೆ ಎಷ್ಟು ಕೊಡುತ್ತಿದ್ದಾರೆಂದು ತಿಳಿಸುತ್ತಾರೆ. ಆ ಗೋದಾಮಿಗೆ ಬೋರ್ಡಿಲ್ಲ, ಗಿರಾಕಿಗೆ ಒಳಗೆ ಪ್ರವೇಶವಿಲ್ಲ, ಹೊರಗೆ ಮಾತ್ರ ಮೂವತ್ತು ಸ್ಕೂಟರ್. ಇಂಥದ್ದಕ್ಕೂ ಐವತ್ತು ವರ್ಷ ಬಿಟ್ಟು ಯಾರಾದರೂ 'ನಮ್ಮ ಬೀದಿಯಲ್ಲೊಂದು ಡಾರ್ಕ್ ಸ್ಟೋರ್ ಇತ್ತು' ಎಂದು ಕಣ್ಣೀರು ಹಾಕುತ್ತಾರೇನೋ. ಈ ಊರಲ್ಲಿ ಹೇಳಲು ಬರುವುದಿಲ್ಲ.

ಹಾಗೆಂದು ಹೋದದ್ದೆಲ್ಲ ಚಿನ್ನ ಎಂದು ನಾನು ಒಪ್ಪುವವನಲ್ಲ. ಸೀಮೆಎಣ್ಣೆ ಡಿಪೋ ಮುಂದೆ ಡಬ್ಬಗಳನ್ನೇ ಸಾಲಾಗಿಟ್ಟು ಕಾದದ್ದನ್ನು ಚಂದ ಎಂದವರು ಕ್ಯೂನಲ್ಲಿ ನಿಂತಿರಲಿಲ್ಲ, ಮನೆಯ ಹೆಂಗಸರನ್ನು ನಿಲ್ಲಿಸಿದ್ದರು. ಎಸ್‌ಟಿಡಿ ಬೂತಿನಲ್ಲಿ ಓಡುವ ಮೀಟರ್ ನೋಡುತ್ತ ಅರ್ಧ ಮಾತಿಗೇ ಫೋನಿಟ್ಟ ಅಮ್ಮಂದಿರನ್ನು ಕೇಳಿ. ಅಂಗಡಿ ಅಂಗಡಿಯನ್ನು ನುಂಗುವುದು ಆ್ಯಪ್ ಬಂದ ಮೇಲೆ ಶುರುವಾದದ್ದೂ ಅಲ್ಲ. 1983ರಲ್ಲಿ ಇದೇ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯ ಕೆಫೆ ದರ್ಶಿನಿ ಬಂತು. ಕೂಪನ್ ತಗೊಂಡು, ನಿಂತು ತಿಂದು, ಹೊರಡುವುದು. ಕೂತು ಎರಡು ಗಂಟೆ ರಾಜಕೀಯ ಮಾತಾಡುವ ಹೋಟೆಲುಗಳಿಗೆ ಅದು ಕುತ್ತು ತಂದಿತು ಎಂದು ಆಗಿನ ಹಿರಿಯರು ಗೊಣಗಿದ್ದರು. ಈಗ ದರ್ಶಿನಿಯೇ ಪರಂಪರೆ. ಅದರ ಮೇಲೆ ನೀವು ಲೇಖನ ಬರೆಯುತ್ತೀರಿ. ಇನ್ನೂ ಹಿಂದಕ್ಕೆ ಹೋಗುವುದಾದರೆ, 1948ರಲ್ಲಿ ಗವರ್ನರ್ ಜನರಲ್ ರಾಜಾಜಿ ಬಂದು ಈ ಬಡಾವಣೆಗೆ ಅಡಿಗಲ್ಲು ಹಾಕುವ ಮುಂಚೆ ಇಲ್ಲಿ ಹೊಲ, ತೋಟ, ಕೆರೆ ಇದ್ದವು. ಬಿಟಿಎಂ ಎನ್ನುವ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿವೆ. ಅಲ್ಲಿದ್ದವರು ತಮ್ಮ ನೆನಪಿನ ಕೂಟ ಎಲ್ಲಿ ಮಾಡುತ್ತಾರೋ. ಕಟ್ಟೆಯಂತೂ ಉಳಿದಿಲ್ಲ.

ನಾನು ಹೇಳುವುದಿಷ್ಟೆ. ಕಂಬರ್‌ಕಟ್ಟು ಹೋದರೆ ಊರು ಮುಳುಗುವುದಿಲ್ಲ. ಆದರೆ ನನ್ನ ಅಂಗಡಿಯಲ್ಲಿ ನಡೆಯುವ ಕೆಲವು ಕೆಲಸ ನಿಮ್ಮ ನೆನಪಿನ ಪಟ್ಟಿಯಲ್ಲಿ ಬರುವುದೇ ಇಲ್ಲ. ನಿಮ್ಮ ಮನೆಗೆಲಸಕ್ಕೆ ಬರುವಾಕೆ ಹತ್ತು ರೂಪಾಯಿಗೆ ಕಾಫಿಪುಡಿ, ಇಪ್ಪತ್ತಕ್ಕೆ ಎಣ್ಣೆ ಕೇಳುತ್ತಾಳೆ. ಆಕೆಯ ಅಳತೆಗೆ ಯಾವ ಆ್ಯಪ್‌ನಲ್ಲೂ ಡಬ್ಬಿ ಇಲ್ಲ. ಪಿಜಿಯ ಹುಡುಗ ತಿಂಗಳ ಕೊನೆಗೆ ಬ್ರೆಡ್ಡು ಮೊಟ್ಟೆ ಬರೆಸಿ ಹೋಗುತ್ತಾನೆ. ನಿಮ್ಮ ಮನೆ ಬೀಗದ ಕೈ ನನ್ನ ಗಲ್ಲಾದಲ್ಲಿದೆ. ನೀವು ಬೇರೆ ಕಡೆ ಕೊಂಡ ಸಾಮಾನಿನ ಪಾರ್ಸಲ್ ಬಂದರೆ ಫೋನಿನಲ್ಲಿ ಏನು ಹೇಳುತ್ತೀರಿ? 'ಕೆಳಗೆ ಶೆಟ್ರ ಅಂಗಡೀಲಿ ಕೊಟ್ಬಿಡಿ.' ನಮ್ಮ ಬಡಾವಣೆಯ ಮೇನು ಕ್ರಾಸುಗಳ ಲೆಕ್ಕ ಬ್ರಹ್ಮನಿಗೂ ಹರಿಯುವುದಿಲ್ಲ. 27ನೇ ಕ್ರಾಸಿನ ಪಕ್ಕ 28 ಇದೆ ಎಂಬ ಭರವಸೆಯಿಂದ ಬಂದ ಡೆಲಿವರಿ ಹುಡುಗ ಫೋನು ನೋಡುತ್ತ ಮೂರು ಸುತ್ತು ಹಾಕಿ ಕೊನೆಗೆ ನನ್ನ ಮುಂದೆ ನಿಲ್ಲುತ್ತಾನೆ. ಅವನ ಪರದೆಯಲ್ಲಿ ನಿಮ್ಮ ವಿಳಾಸ ಹೀಗಿದೆ: ಶೆಟ್ಟಿ ಸ್ಟೋರ್ಸ್ ಎದುರು, ಎರಡನೇ ಮಹಡಿ. ನನ್ನ ವ್ಯಾಪಾರ ಕಿತ್ತುಕೊಂಡವರಿಗೆ ದಾರಿ ತೋರಿಸುವ ಕೆಲಸವನ್ನೂ ನಾನೇ ಮಾಡುತ್ತಿದ್ದೇನೆ, ಸಂಬಳವಿಲ್ಲದೆ.

ಕಾಲಕ್ಕೆ ತಕ್ಕಂತೆ ಬದಲಾಗಿ ಎಂದು ನೀವು ಬುದ್ಧಿ ಹೇಳಿದಾಗಲೆಲ್ಲ ಬದಲಾಗಿದ್ದೇನೆ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ವಾರಗಟ್ಟಲೆ ಬರೀ ಪುಸ್ತಕದಲ್ಲಿ ಬರೆದು ಸಾಮಾನು ಕೊಟ್ಟೆ. ಆಮೇಲೆ ಜಿಎಸ್‌ಟಿ. ಆಮೇಲೆ ಕ್ಯೂಆರ್ ಚೀಟಿ, 'ಹಣ ಸ್ವೀಕರಿಸಲಾಗಿದೆ' ಎಂದು ಬೀದಿಗೆಲ್ಲ ಕೂಗುವ ಡಬ್ಬಿ. ಎರಡು ರೂಪಾಯಿಯ ಬೆಂಕಿಪೊಟ್ಟಣಕ್ಕೂ ಅದು ಮಂಗಳಾರತಿಯಂತೆ ಕೂಗಿತು. 2025ರ ಜುಲೈನಲ್ಲಿ ಆ ಕೂಗಿನ ಲೆಕ್ಕ ಹಿಡಿದು, ವರ್ಷಕ್ಕೆ 40 ಲಕ್ಷ ದಾಟಿದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದವು. ಊರಿನ ಅರ್ಧ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿ ಅಂಟಿತು. ಮುಖ್ಯಮಂತ್ರಿಗಳು ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಬಿರುಸು ಇಳಿಯಿತು. ಆ ವಾರ ನೀವು ಚಿಲ್ಲರೆ ಹುಡುಕಿಕೊಂಡು ಬಂದು ನನ್ನನ್ನು ಬೈದಿದ್ದೂ, 'ಹಿಂದೆಲ್ಲ ಎಷ್ಟು ಚೆನ್ನಾಗಿತ್ತು, ಕೈಯಲ್ಲಿ ಕಾಸು, ಕೈಯಲ್ಲಿ ಸಾಮಾನು' ಎಂದು ಸಂಜೆ ಅದೇ ಕಟ್ಟೆಯ ಮೇಲೆ ನಿಟ್ಟುಸಿರುಬಿಟ್ಟಿದ್ದೂ ನನಗೆ ನೆನಪಿದೆ. 2024ರ ಫೆಬ್ರವರಿ 28ರೊಳಗೆ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಎಂದರು. ನನ್ನದು ಶುರುವಿನಿಂದಲೂ ಶೇ. 100. ಅದಕ್ಕೊಂದು ಶಾಲು ಹೊದಿಸಬಹುದಿತ್ತು. ಬೇಡ ಬಿಡಿ, ಶಾಲಿನ ಬದಲು ಬೋರ್ಡಿನ ಲೈಟ್ ಬಿಲ್ ಯಾರಾದರೂ ಕಟ್ಟಿದರೆ ಸಾಕು.

ರಸ್ತೆಯ ಕಥೆಯನ್ನು ಚುಟುಕಾಗಿ ಮುಗಿಸುತ್ತೇನೆ. ಮಾರೇನಹಳ್ಳಿ ರಸ್ತೆಯಲ್ಲಿ ಜಯದೇವ ಮೇಲ್ಸೇತುವೆ ಕಟ್ಟಿದರು, 2020ರಲ್ಲಿ ಅದನ್ನೇ ಒಡೆದರು, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಮಹಡಿ ಮೇಲೆ ಮಹಡಿ ಕಟ್ಟಿದರು, 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಓಡಿತು. ಒಳ್ಳೆಯದೇ ಆಯಿತು. ಆದರೆ ತಗಡಿನ ಬೇಲಿಯ ಹಿಂದೆ ವರ್ಷಗಟ್ಟಲೆ ಕೂತ ಅಂಗಡಿಯವನಿಗೆ ರೈಲು ಬರುವ ಹೊತ್ತಿಗೆ ಅಂಗಡಿ ಉಳಿದಿರಬೇಕಲ್ಲ. ಬನಶಂಕರಿ ಗುಡಿ ಮುಂದೆ ನಿಂಬೆಹಣ್ಣು ಮಾರುವವರು ಮಾತ್ರ ಅಲ್ಲಾಡಿಲ್ಲ. ಮಂಗಳವಾರ, ಶುಕ್ರವಾರದ ರಾಹುಕಾಲವನ್ನು ಮನೆ ಬಾಗಿಲಿಗೆ ತಲುಪಿಸುವ ಆ್ಯಪ್ ಇನ್ನೂ ಬಂದಿಲ್ಲ.

ನನಗೂ ಒಂದು ಒಳ್ಳೆಯ ಕಾಲ ಇತ್ತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಆ್ಯಪ್‌ಗಳಲ್ಲಿ 'ಸದ್ಯಕ್ಕೆ ಸ್ಲಾಟ್ ಇಲ್ಲ' ಎಂದು ಬರುತ್ತಿತ್ತು. ಅಂಗಡಿ ಮುಂದೆ ಸುಣ್ಣದಲ್ಲಿ ವೃತ್ತ ಬರೆದೆ, ನೀವು ವೃತ್ತದೊಳಗೆ ನಿಂತಿರಿ. ಯಶವಂತಪುರದ ಮಂಡಿಗೆ ನಾನೇ ಹೋಗಿ ಮೂಟೆ ಹೊತ್ತು ತಂದೆ. ವಯಸ್ಸಾದವರ ಮನೆಗೆ ಹಾಲು, ಮಾತ್ರೆ ಮುಟ್ಟಿಸಿದೆ. 'ಶೆಟ್ರೇ, ನೀವು ದೇವರು' ಎಂದಿರಿ. ಜೂನ್ ಹೊತ್ತಿಗೆ ಸ್ಲಾಟ್ ಸಿಗತೊಡಗಿತು. ದೇವರು ಗಲ್ಲಾಕ್ಕೆ ವಾಪಸ್ ಬಂದ.

ಆದ್ದರಿಂದ ತಮ್ಮಲ್ಲಿ ವಿನಂತಿ: ನನ್ನ ಬಗ್ಗೆ ಬರೆಯಲು ಇಟ್ಟುಕೊಂಡಿರುವ ಒಳ್ಳೆಯ ಮಾತುಗಳನ್ನು ಸದ್ಯಕ್ಕೆ ಹಾಗೇ ಇಟ್ಟುಕೊಂಡು, ತಿಂಗಳ ಸಾಮಾನಿನ ಚೀಟಿಯಲ್ಲಿ ಅರ್ಧ ನನಗೆ ಬರೆದುಕೊಡಿ. ಪೂರ್ತಿ ಕೇಳುತ್ತಿಲ್ಲ. ಬರುವಾಗ ಕೈಚೀಲ ಇರಲಿ, ಪ್ಲಾಸ್ಟಿಕ್ ಕವರ್ 2016ರಿಂದಲೇ ನಿಷೇಧ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಇರುತ್ತೇನೆ, ಮಧ್ಯಾಹ್ನ ಊಟಕ್ಕೆ ಅರ್ಧ ಗಂಟೆ ಬಿಟ್ಟು.

ಇತಿ,
ಬೀದಿ ತುದಿಯ ಅಂಗಡಿಯವ
(ಶೆಟ್ಟಿಯಲ್ಲದ ಶೆಟ್ಟರು)

ವಿ.ಸೂ.: ಮೇಲಿನ ಪತ್ರ ಬರೆಯುವಾಗ ಉದ್ದರಿ ಪುಸ್ತಕವೂ ಕೈಗೆ ಸಿಕ್ಕಿತು. ನಲವತ್ತು ವರ್ಷದ ಹಿಂದಿನ ಪೆಪ್ಪರಮಿಂಟಿನ ಬಣ್ಣ ಸಮೇತ ನೆನಪಿಟ್ಟುಕೊಂಡಿರುವ ಕೆಲವು ಹಿರಿಯರ ಲೆಕ್ಕ ಲಾಕ್‌ಡೌನಿನಿಂದ ಬಾಕಿ ಉಳಿದಿದೆ. ಯುಪಿಐ ಆದರೂ ಸರಿ, ನಗದಾದರೂ ಸರಿ.