ಪಿಕಪ್ ಪುರಾಣ

ಬೆಂಗಳೂರಿನ ಅಂಚಿನ ಹೆಬ್ಬಗೋಡಿಯಲ್ಲಿ ‘ಪಿಕಪ್’ ಎಂಬ ಪದಕ್ಕೆ ವಾರದ ರಜೆಯೂ ಇಲ್ಲ. ಪಾಳಿಗೆ ಹೊರಟವರಿಗೆ ಅದು ಕಂಪನಿ ಕ್ಯಾಬು. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಸರಕು ಸಾಗಿಸುವವರಿಗೆ ಹಿಂಬದಿ ತೆರೆದ ಗಾಡಿ. ಗ್ಯಾರೇಜಿನ ಹುಡುಗನಿಗೆ ಎಂಜಿನ್ನಿನ ದಮ್ಮು. ‘ಗಾಡಿಗೆ ಪಿಕಪ್ಪೇ ಇಲ್ಲ ಸಾರ್’ ಎಂದನೋ, ಜೇಬಿಗೆ ಕತ್ತರಿ ಬಿತ್ತೆಂದೇ ಲೆಕ್ಕ.

ಇಂಗ್ಲಿಷಿನಲ್ಲಿ ಎರಡು ತುಂಡಾಗಿದ್ದ ಕ್ರಿಯಾಪದ ಅಲ್ಲೇ ಅಂಟಿಕೊಂಡು ನಾಮಪದವಾಯಿತು. ಆಮೇಲೆ ಇಲ್ಲಿ ‘ಮಾಡು’ವಿನ ಕೈಹಿಡಿದು ಮತ್ತೆ ಕ್ರಿಯಾಪದವಾಯಿತು. ‘ಎಷ್ಟು ರಿಂಗ್ ಆದ್ರೂ ಪಿಕಪ್ ಮಾಡ್ಲಿಲ್ಲ!’ ವ್ಯಾಕರಣದ ಮೇಷ್ಟ್ರಿಗೆ ತಲೆನೋವು, ಬೈಯುವ ಅಮ್ಮನಿಗಲ್ಲ.

2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು, ‘ಬಯೋಕಾನ್ ಹೆಬ್ಬಗೋಡಿ’ ನಿಲ್ದಾಣವೂ ಆಯಿತು. ಪಿಕಪ್ ಕಡಿಮೆಯಾಯಿತೇ?

‘ರೀ, ಮೆಟ್ರೊ ಇಳಿದಿದ್ದೀನಿ, ಪಿಕಪ್ ಮಾಡ್ತೀರಾ?’

ರೀ ಅನ್ನಿಸಿಕೊಂಡವರು ಆಗ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ, ಲಾರಿಯೊಂದರ ಹಿಂದೆ.