ಜನರಲ್ ಸಾಹೇಬರ ಉತಾರ

ರೋಣದ ರೈತ ಬೆಳೆಸಾಲ ಕೇಳಲು ಹೋದರೆ ಉತಾರ ತಾ, ಆಧಾರ್ ತಾ, ಇದ್ದಬದ್ದ ಬ್ಯಾಂಕಿನಿಂದೆಲ್ಲ ಬಾಕಿ ಇಲ್ಲ ಅಂತ ಬರೆಸಿಕೊಂಡು ಬಾ ಎನ್ನುತ್ತಾರೆ. ಅಪ್ಪನ ಹೆಸರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ತಹಶೀಲ್ದಾರ್ ಕಚೇರಿಗೆ ಹೊಸದಾಗಿ ತಿರುಗಾಟ. ಅದೇ ನೀವು ರಾತ್ರೋರಾತ್ರಿ ಟ್ಯಾಂಕು ನುಗ್ಗಿಸಿ ದೇಶವನ್ನೇ ಹಿಡಿದ ಜನರಲ್ ಸಾಹೇಬರಾಗಿದ್ದರೆ, ದೇಶದ ಉತಾರ ಯಾರ ಹೆಸರಲ್ಲಿದೆ ಅಂತ ವಾಷಿಂಗ್ಟನ್ನಿನಲ್ಲಿ ಕೇಳುವಂತಿಲ್ಲ. ವಿಶ್ವಬ್ಯಾಂಕಿನ ಮೂಲ ನಿಯಮದಲ್ಲೇ ಇದೆ: ಸಾಲಗಾರನ ರಾಜಕೀಯ ನೋಡಬಾರದು, ಅರ್ಥವ್ಯವಸ್ಥೆ ಮಾತ್ರ ನೋಡಬೇಕು.

ಈ ಮಡಿ ಎಷ್ಟು ಕಟ್ಟುನಿಟ್ಟು ಅಂತೀರಿ! ಚಿಲಿಯಲ್ಲಿ ಜನ ಆರಿಸಿದ ಅಲೆಂಡೆ ಇರುವತನಕ ಹೊಸ ಸಾಲ ಹುಟ್ಟಲಿಲ್ಲ. 1973ರಲ್ಲಿ ಅಧ್ಯಕ್ಷರ ಅರಮನೆಯ ಮೇಲೆ ಬಾಂಬು ಬಿದ್ದು ಪಿನೊಶೆ ಬಂದು ಕೂತದ್ದೇ ತಡ, ಕೆಲವೇ ತಿಂಗಳಲ್ಲಿ ತಿಜೋರಿ ತೆರೆಯಿತು. ಆರ್ಥಿಕ ಕಾರಣ, ಮತ್ತೇನಿಲ್ಲ. 2021ರಲ್ಲಿ ಮ್ಯಾನ್ಮಾರ್ ಸೇನೆ ಸರ್ಕಾರ ಕಿತ್ತುಕೊಂಡಾಗ ಮಾತ್ರ ಹಣ ತಡೆಹಿಡಿದರು. ಜನರಲ್‌ಗಳೇನೂ ಬೆವರು ಒರೆಸಿಕೊಂಡು ಬ್ಯಾರಕ್ಕಿಗೆ ಓಡಲಿಲ್ಲ.

ಸಾಲದ್ದು ಹಾಗಾದರೆ ನೆರವಿನ ಕಥೆಯೂ ಅದೇ. 1980ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಪಾಕಿಸ್ತಾನದ ಜನರಲ್ ಜಿಯಾಗೆ 40 ಕೋಟಿ ಡಾಲರ್ ಕೊಡುತ್ತೇನೆಂದರು. ಜಿಯಾ ಅದನ್ನು ಶೇಂಗಾ ಎಂದು ತಳ್ಳಿಹಾಕಿದರು. ಕಾರ್ಟರ್ ಮನೆತನದ್ದು ಶೇಂಗಾ ಬೆಳೆಯೇ. ಚುನಾವಣೆ ಮುಂದೂಡುತ್ತಲೇ ಇದ್ದ ಜಿಯಾಗೆ ಮರುವರ್ಷ ರೇಗನ್ ಸರ್ಕಾರದಿಂದ 320 ಕೋಟಿ ಒಪ್ಪಿತವಾಯಿತು. ನಮ್ಮ ಎಪಿಎಂಸಿಯಲ್ಲಿ ಶೇಂಗಾಕ್ಕೆ ಈ ಪರಿ ರೇಟು ಏರಿದ್ದನ್ನು ಕಂಡವರಿಲ್ಲ.

ಗಜೇಂದ್ರಗಡದವರು ಇದನ್ನೆಲ್ಲ ಬಾಯಿ ಬಿಟ್ಟು ನೋಡುವುದಿಲ್ಲ. 1787ರಲ್ಲಿ ಅವರ ಊರ ಹೆಸರಿನಲ್ಲೇ ಒಪ್ಪಂದವಾಗಿ ಟಿಪ್ಪು ಮರಾಠರಿಗೆ 48 ಲಕ್ಷ ರೂಪಾಯಿ ಕೊಡಲು ಒಪ್ಪಿಕೊಂಡ, ನರಗುಂದ, ಕಿತ್ತೂರುಗಳು ಕೈಬದಲಾದವು. ನರಗುಂದದ ಒಕ್ಕಲಿಗನನ್ನು ಯಾರು ಕೇಳಿದರು?

ಕೇಳದಿದ್ದರೆ ಏನಾಗುತ್ತದೆ ಎಂದು ಆ ಒಕ್ಕಲಿಗನ ಮೊಮ್ಮಕ್ಕಳು ಜಿಯಾ ಶೇಂಗಾ ಎಂದ ವರ್ಷವೇ ತೋರಿಸಿದರು. ಮಲಪ್ರಭಾ ನೀರು ಎಷ್ಟೋ ಹೊಲ ಮುಟ್ಟಿರಲಿಲ್ಲ. ನೀರಾವರಿಯಿಂದ ಹೊಲ ಸುಧಾರಿಸಿತೆಂದು ಹಾಕುವ ಬೆಟರ್‌ಮೆಂಟ್ ಲೆವಿಯ ನೋಟಿಸು ಮಾತ್ರ ತಪ್ಪದೆ ಮುಟ್ಟಿತ್ತು. ನೀರಿಲ್ಲದ ಹೊಲ ‘ಬೆಟರ್’ ಆದದ್ದು ಹೇಗೆಂದು ಕೇಳಿದ ರೈತರು ಕಟ್ಟುವುದಿಲ್ಲ ಅಂದುಬಿಟ್ಟರು. 1980ರ ಜುಲೈ 21ರಂದು ತಹಶೀಲ್ದಾರ್ ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದವರನ್ನು ಸಾಹೇಬರು ತುಳಿದುಕೊಂಡೇ ಒಳಗೆ ಹೋದರು ಅಂತ ಊರವರು ಇವತ್ತಿಗೂ ಹೇಳುತ್ತಾರೆ. ಗೋಲಿಬಾರಿನಲ್ಲಿ ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಜನರ ಕೈಗೆ ಸಿಕ್ಕ ಪೊಲೀಸರೂ ಸತ್ತರು. ಆಮೇಲೆ ಲೆವಿ ಹೋಯಿತು, ರೈತ ಸಂಘ ಹುಟ್ಟಿತು, 1983ಕ್ಕೆ ಗುಂಡೂರಾವ್ ಸರ್ಕಾರವೂ ಹೋಯಿತು. ಗುಂಡೂರಾಯರು ಜನರಲ್ ಅಲ್ಲ, ಚುನಾವಣೆಗೆ ನಿಂತು ಸೋತವರು. ಆ ಮರ್ಯಾದೆ ಅವರಿಗೆ ಸಲ್ಲಬೇಕು. ದುಡ್ಡು ತಡೆದು ಸರ್ಕಾರ ಬಗ್ಗಿಸುವ ವಿದ್ಯೆ ವಾಷಿಂಗ್ಟನ್ನಿನವರಿಗೆ ಕಲಿಯಬೇಕಿದ್ದರೆ ಹುಬ್ಬಳ್ಳಿಗೆ ವಿಮಾನ ಇದೆ, ಅಲ್ಲಿಂದ ನರಗುಂದಕ್ಕೆ ಬಸ್ಸು.

ಬಂದರೆ ಜುಲೈ 21ಕ್ಕೇ ಬರಲಿ. ಅವತ್ತು ಸತ್ತ ರೈತರ ವೀರಗಲ್ಲಿನ ಮುಂದೆ ಎಲ್ಲ ಪಕ್ಷದವರೂ ಹಾರ ಹಿಡಿದು ನೂಕಾಡುತ್ತಿರುತ್ತಾರೆ. ಲೆವಿ ಹಾಕಿದವರ ಪಕ್ಷ, ಹಾಕಿಸಿಕೊಂಡವರ ಪಕ್ಷ ಎಲ್ಲವೂ ಅವತ್ತು ರೈತರ ಪಕ್ಷವೇ. ಮಹದಾಯಿ ನೀರಿಗಾಗಿ ಅದೇ ಊರಲ್ಲಿ 2015ರಲ್ಲಿ ಧರಣಿ ಕೂತರು, ಪಂದ್ಯಕ್ಕೆ ಬಿದ್ದವರಂತೆ ನಾಯಕರು ಬಂದು ಭರವಸೆ ಕೊಟ್ಟುಹೋದರು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದಿನ್ನೂ ಕಾಗದದಿಂದ ಕಾಲುವೆಗೆ ಇಳಿದಿಲ್ಲ. ಅದಕ್ಕೂ ಲೆವಿ ಹಾಕುವ ಆಲೋಚನೆ ಯಾರಿಗಾದರೂ ಇದ್ದರೆ, ಮೊದಲು ನರಗುಂದದ ತಹಶೀಲ್ದಾರರನ್ನು ಒಂದು ಮಾತು ಕೇಳಿಕೊಳ್ಳಲಿ.